ಅಂಚೆಯಲ್ಲಿ ಕಲಿತ ಉಚ್ಚಾರಣೆ

೪ ಮಾರ್ಚ್ ೧೯೮೭

ಫ್ರೆಂಚ್ ಮೇಷ್ಟ್ರಿಗೆ ನಮಸ್ಕಾರ.

ನಾನು ನಿಮ್ಮ ಅಂಚೆ ಪಾಠದ ವಿದ್ಯಾರ್ಥಿನಿ. ಎಂಟನೆಯ ಪಾಠದಲ್ಲಿದ್ದೇನೆ, ಪೇಟೆಗೆ ಹೋಗಿ ಸೇಬು ಕೊಳ್ಳುವ ಪಾಠ. ಚಳಿಗಾಲದಿಂದ ಕೊಂಡಿದ್ದೇ ಕೊಂಡಿದ್ದು. ಅಷ್ಟನ್ನೂ ರಾಶಿ ಹಾಕಿದರೆ ನಾನೇ ಒಂದು ಅಂಗಡಿ ತೆರೆಯಬಹುದು. ಆದರೆ ನನಗೆ ಬೇಕಾದದ್ದು ಸೇಬಲ್ಲ ಮೇಷ್ಟ್ರೇ, ಒಂದೇ ಒಂದು ವಾಕ್ಯ: "ನೀವು ಒಪ್ಪಿದರೆ ನಾವು ಬಂದೇವು." ಇಂಥದ್ದು ಹದಿನಾಲ್ಕನೆಯ ಪಾಠದಲ್ಲಿ ಬರುತ್ತದೆ ಎಂದು ಪುಸ್ತಕದ ಮೊದಲ ಪುಟ ಹೇಳುತ್ತದೆ. ಅಲ್ಲಿಯವರೆಗೆ ಕಾಯುವ ಪುರುಸೊತ್ತು ನನಗಿಲ್ಲ.

ದೂರದ ಊರಿನಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಫ್ರೆಂಚ್ ಬಿಟ್ಟರೆ ಅವರಿಗೆ ಬೇರೆ ಮಾತು ಬಾರದು. ಅವರಿಗೆ ಫೋನ್ ಮಾಡಿ ನಾನು ಈ ಮಾತು ಹೇಳಬೇಕು. ನನಗೆ ಸೇರಬೇಕಾದ ಒಂದು ಮಾತು ಅವರ ಹತ್ತಿರ ಇದೆ, ಅದನ್ನು ಕೇಳಿಸಿಕೊಳ್ಳಬೇಕು. ಯಾಕೆ, ಏನು ಎಂದು ದಯವಿಟ್ಟು ವಿಚಾರಿಸಬೇಡಿ.

ಫ್ರೆಂಚ್ ಬಲ್ಲವರು ಯಾರನ್ನಾದರೂ ಹಿಡಿದು ಹೇಳಿಸಬಹುದಲ್ಲ ಎನ್ನುತ್ತೀರಿ. ನಾನು ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವವಳು. ಒಬ್ಬರ ಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಮಾತನ್ನು ನನ್ನ ಬಾಯಲ್ಲೇ ಆಡಬೇಕು.

ಇಂತಿ,
ಹಲ್ಲಿನವಳು


೧೫ ಮಾರ್ಚ್ ೧೯೮೭

ಹಲ್ಲಿನಮ್ಮನವರಿಗೆ,

ಅಂಚೆಯಲ್ಲಿ ಉಚ್ಚಾರಣೆ ಕಲಿಸುವುದೆಂದರೆ ಅಂಚೆಯಲ್ಲಿ ಈಜು ಕಲಿಸಿದ ಹಾಗೆ. ಆದರೂ ಇಷ್ಟು ವರ್ಷ ಕಲಿಸಿದ್ದೇನೆ, ಯಾರೂ ಮುಳುಗಿಲ್ಲ. ನೀವು ಯಾಕೆ, ಏನು ಕೇಳಬೇಡಿ ಎಂದಿದ್ದೀರಿ. ಕೇಳುವುದಿಲ್ಲ. ಆದರೆ ಊಹೆ ಮಾಡುವುದನ್ನು ನೀವು ತಡೆಯಲಾರಿರಿ. ಯಾವುದೋ ದೊಡ್ಡ ಹಲ್ಲಿನ ಕಾರ್ಖಾನೆಯ ಯಜಮಾನಿ, ನಿಮಗೆ ಕೆಲಸ ಕೊಡಲು ಮಾತಾಡುತ್ತಿದ್ದಾರೆ. ಸರಿಯೇ?

ನಿಮ್ಮ ವಾಕ್ಯದ ಜೀವ ಅದರ ಕೊನೆಯ ಪದದಲ್ಲಿದೆ. "ನೂ ವ್ಯಾಂದ್ರಿಯೋಂ." ಮೂರು ತುಂಡು: ವ್ಯಾಂ, ದ್ರಿ, ಯೋಂ. ಬರೆಯುವಾಗ ಬಾಲದಲ್ಲಿ ಒಂದು "ಸ್" ಇದೆ. ಅದನ್ನು ಯಾರೂ ಉಚ್ಚರಿಸುವುದಿಲ್ಲ. ಮನೆಯಲ್ಲಿದ್ದೂ ಮಾತಿಗೆ ಸೇರದ ಅಳಿಯನಂತೆ ಅದು ಸುಮ್ಮನೆ ಕೂತಿರುತ್ತದೆ. "ವ್ಯಾಂ" ಮತ್ತು "ಯೋಂ" ಎರಡರಲ್ಲೂ "ನ್" ಎಂಬ ಸದ್ದು ಇಲ್ಲ. ಸ್ವರವೇ ಅರ್ಧ ಮೂಗಿನಿಂದ ಬರಬೇಕು. ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿಯಿರಿ. ಅದು ಮಬ್ಬಾದರೆ ನೀವು ದಾರಿಯಲ್ಲಿದ್ದೀರಿ. ನಡುವಿನ "ರ" ನಮ್ಮ "ರ" ಅಲ್ಲ. ಗಂಟಲಿನ ಹಿಂದೆ, ನೀರು ಮುಕ್ಕಳಿಸುವ ಜಾಗದಲ್ಲಿ ಹುಟ್ಟುತ್ತದೆ.

ಈಗ ಈ ಪದದ ಕಟ್ಟಡ ನೋಡಿ. ಬುಡ "ವ್ಯಾಂದ್ರ್". ಇದು ಮುಂದೆ ಬರುವ ಕಾಲದ ಬುಡ. ಬಾಲ "ಇಯೋಂ". ಅದು ಕಳೆದ ಕಾಲದ ಬಾಲ. ಮುಂದಿನದಕ್ಕೆ ಹಿಂದಿನದನ್ನು ಕಟ್ಟಿ ಅವರು "ಬಂದೇವು" ಮಾಡಿಕೊಂಡಿದ್ದಾರೆ. ನಮ್ಮ "ಬಂದೇವು" ನೋಡಿದರೆ ಇದಕ್ಕೆ ತಿರುವುಮುರುವು. ಬುಡ "ಬಂದ್", ಆಗಿಹೋದದ್ದು. ಆದರೆ ಅರ್ಥ ಇನ್ನೂ ಆಗದೆ ಉಳಿದದ್ದು. ಎರಡು ಭಾಷೆಯವರೂ ಆಸೆಯನ್ನು ಹೇಳುವಾಗ ಹಿಂದಕ್ಕೂ ಮುಂದಕ್ಕೂ ಒಟ್ಟಿಗೆ ನೋಡಿದ್ದಾರೆ. ನನಗೆ ಇದು ಬಹಳ ಇಷ್ಟ.

ಒಂದು ಎಚ್ಚರಿಕೆ. ನಡುವಿನ "ಇ" ನುಂಗಿದಿರೋ, ಅದು "ವ್ಯಾಂದ್ರೋಂ" ಆಗುತ್ತದೆ. "ಬಂದೇ ಬರುತ್ತೇವೆ" ಎಂದು ಹುಕುಂ ಹೊರಡಿಸಿದಂತೆ. ಕೆಲಸ ಕೇಳಲು ಹೋದವರು ಹಾಗೆ ಮಾತಾಡಬಾರದು. ಬಾಯಿ ಬಿಟ್ಟರೆ ಬಣ್ಣಗೇಡು ಆಗಬಾರದಲ್ಲ! ಕ್ಯಾಸೆಟ್ಟಿನಲ್ಲಿ ಹೇಳಿ ಕಳಿಸಿ, ನೋಡೋಣ.

ನಿಮ್ಮ ಮೇಷ್ಟ್ರು


೨ ಏಪ್ರಿಲ್ ೧೯೮೭

ಮೇಷ್ಟ್ರೇ,

ಕಾರ್ಖಾನೆಯ ಯಜಮಾನಿ ಎಂದಿರಿ. ಹಾಗೇ ಅಂದುಕೊಳ್ಳಿ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೂ ನಾನೇ ಒಂದು ಸೆಟ್ಟು ಮಾಡಿಕೊಟ್ಟಿದ್ದೇನೆ, ಆದರೆ ಯಾವಾಗಲೂ ಅದು ಲೋಟದ ನೀರಿನಲ್ಲೇ ಇರುತ್ತದೆ. ನಾನು ಕನ್ನಡಿ ಹಿಡಿದುಕೊಂಡು "ವ್ಯಾಂ ವ್ಯಾಂ" ಎನ್ನುತ್ತಿದ್ದರೆ, "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ. ನಿನಗೆ ಎರಡೂ ಇದೆ, ಆದ್ರೂ ಯಾಕೆ ಹಿಂಗೆ ನರಳ್ತೀಯ?" ಎಂದಳು. ನಕ್ಕೆವು. ಯಾರ ಜೊತೆ ಮಾತಾಡಲು ಕಲಿಯುತ್ತಿದ್ದೇನೆ ಎಂದು ಅಮ್ಮನಿಗೆ ಗೊತ್ತು. ಅದಕ್ಕೇ ಜೋರಾಗಿ ನಕ್ಕಳು.

ನಮ್ಮ ಕೆಲಸದಲ್ಲಿ ಒಂದು ಉಪಾಯವಿದೆ. ಹೊಸ ಸೆಟ್ಟು ಹಾಕಿಕೊಂಡವರಿಗೆ "ಸ" ಬಾರದು, ಬರೀ ಗಾಳಿ ಬರುತ್ತದೆ. ಆಗ ಅಂಗುಳದ ತಟ್ಟೆಗೆ ಬಿಳಿ ಪುಡಿ ಸವರಿ ಒಂದು ಸಲ "ಸ" ಅನ್ನಿ ಎನ್ನುತ್ತೇವೆ. ಹೊರಗೆ ತೆಗೆದರೆ ನಾಲಗೆ ತಾಗಿದ ಕಡೆ ಪುಡಿ ಹೋಗಿರುತ್ತದೆ. ಎಲ್ಲಿ ತಾಗಬಾರದಿತ್ತೋ ಅಲ್ಲಿ ಉಜ್ಜಿ ತೆಳ್ಳಗೆ ಮಾಡುತ್ತೇವೆ. ನನ್ನ ಬಾಯಿಗೂ ತೆಳುವಾದ ಒಂದು ತಟ್ಟೆ ಮಾಡಿಕೊಂಡೆ. ಪುಡಿ ಸವರಿ ನಿಮ್ಮ ಮೂರು ತುಂಡುಗಳನ್ನು ಒಂದೊಂದಾಗಿ ಹೇಳಿದೆ. ನಾಲಗೆ ಎಲ್ಲೆಲ್ಲಿ ತಾಗಿತು ಎಂಬುದರ ಚಿತ್ರ ಬರೆದು ಜೊತೆಗಿಟ್ಟಿದ್ದೇನೆ. "ಯೋಂ" ಎನ್ನುವಾಗ ಮುಂದಿನ ಹಲ್ಲಿನ ಹಿಂದೆ ಪುಡಿ ಹೋಗಿದೆ. ಅಂದರೆ ನಾನಿನ್ನೂ "ನ್" ಎನ್ನುತ್ತಿದ್ದೇನೆ, ಅಲ್ಲವೇ?

ಕ್ಯಾಸೆಟ್ಟನ್ನು ಕೆಲಸದ ಕೋಣೆಯಲ್ಲೇ ತುಂಬಿಸಿದೆ. ಪಕ್ಕದಲ್ಲಿ ಹಲ್ಲು ಉಜ್ಜುವ ಯಂತ್ರ ಓಡುತ್ತಿತ್ತು. ಕಿರಿಕಿರಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಲ್ಲಿನವಳು


೧೪ ಏಪ್ರಿಲ್ ೧೯೮೭

ಹಲ್ಲಿನಮ್ಮನವರಿಗೆ,

ನಿಮ್ಮ ಚಿತ್ರ ನೋಡಿ ನಾನು ಊಟ ಮರೆತೆ. ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯ ನಾಲಗೆಯನ್ನು ನಾನು ನೋಡಿದ್ದು ಇದೇ ಮೊದಲು. ನೀವು ಹೇಳಿದ್ದು ಸರಿ, "ಯೋಂ" ಕೊನೆಯಲ್ಲಿ ನಾಲಗೆ ಮೇಲೆ ಏಳುತ್ತಿದೆ. ಅದನ್ನು ಮಲಗಿಸಿ. ಬಾಯಿ ಮುಚ್ಚದೆ ಮಾತು ನಿಲ್ಲಿಸುವುದು ನಮ್ಮವರಿಗೆ ಕಷ್ಟ.

ಯಂತ್ರದ ಸದ್ದು ನನಗೆ ಸ್ವಲ್ಪವೂ ತೊಂದರೆ ಕೊಡಲಿಲ್ಲ. ಉಚ್ಚಾರಣೆ ಇನ್ನೂ ಹಸಿ. ಇನ್ನಷ್ಟು ಚಿತ್ರ ಕಳಿಸಿ. ಕ್ಯಾಸೆಟ್ಟಿಗಿಂತ ಚಿತ್ರವೇ ನನಗೆ ಹೆಚ್ಚು ಹೇಳುತ್ತದೆ.

ನಿಮ್ಮ ಕೆಲಸದ ಬಗ್ಗೆಯೂ ಬರೆಯಿರಿ. ನಾನಿರುವುದು ಒಂದು ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಮೇಜು, ಮಂಚ, ಕಿಟಕಿ, ನಿಮ್ಮಂಥವರ ಉತ್ತರಪತ್ರಿಕೆಗಳ ಕಟ್ಟು. ಕಾಗದ ಬಂದ ದಿನ ಮಾತ್ರ ದಿನ.

ನಿಮ್ಮ ಮೇಷ್ಟ್ರು


೧೦ ಮೇ ೧೯೮೭

ಮೇಷ್ಟ್ರೇ,

ನಿಮ್ಮ ಕಿವಿಗೆ ದೊಡ್ಡ ನಮಸ್ಕಾರ. ಆ ಯಂತ್ರದ ಗಲಾಟೆಯಲ್ಲಿ ನನ್ನ ಮಾತು ನನಗೇ ಸಿಕ್ಕಿರಲಿಲ್ಲ.

ಕೆಲಸದ ಬಗ್ಗೆ ಕೇಳಿದಿರಿ. ನನ್ನ ಕಪಾಟಿನಲ್ಲಿ ಪ್ಲಾಸ್ಟರಿನ ಬಾಯಿಗಳು ಸಾಲಾಗಿ ಕೂತಿವೆ. ಒಂದೊಂದಕ್ಕೂ ಹೆಸರು ಇಟ್ಟಿದ್ದೇನೆ. ಜಗಳಗಂಟಿ, ಕಂಜೂಸ್, ಮದುಮಗ. ಮದುಮಗನಿಗೆ ಎಪ್ಪತ್ತು ವರ್ಷ, ಎರಡನೆಯ ಮದುವೆಗೆ ಮುಂಚೆ ಹಲ್ಲು ಬೇಕಂತೆ. "ನಗುವಾಗ ಕಾಣಬೇಕು, ಬೈಯುವಾಗ ಬೀಳಬಾರದು" ಎಂದು ಅಪ್ಪಣೆ ಮಾಡಿ ಹೋಗಿದ್ದಾರೆ. ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತಾ ನಾನು "ವ್ಯಾಂ, ದ್ರಿ, ಯೋಂ" ಎನ್ನುತ್ತಿರುತ್ತೇನೆ. ಡಾಕ್ಟರು ಬಂದು ಬಾಗಿಲಲ್ಲಿ ನಿಂತು, "ಏನಮ್ಮ, ಯಾರನ್ನ ಕರೀತಿದ್ದೀಯ?" ಎಂದು ಕೇಳಿದರು. ಮದುಮಗನಿಗೆ ಇನ್ನೊಂದು ಹಲ್ಲು ನೆಟ್ಟೆ.

ಈ ಸಲದ ಕ್ಯಾಸೆಟ್ಟನ್ನು ಭಾನುವಾರ, ಆಸ್ಪತ್ರೆಗೆ ರಜೆ ಇದ್ದಾಗ ತುಂಬಿಸಿದ್ದೇನೆ. ಯಂತ್ರವಿಲ್ಲ, ಯಾರೂ ಇಲ್ಲ. ವಾಕ್ಯ ಮುಗಿದ ಮೇಲೆ ಕ್ಯಾಸೆಟ್ಟಿನ ಕೊನೆಯಲ್ಲಿ ನಿಮಗೆ ಒಂದು ಮಾತು ಹೇಳಿದ್ದೇನೆ, ಒಂದು ಪ್ರಶ್ನೆ ಕೇಳಿದ್ದೇನೆ. ಅದನ್ನು ಇಲ್ಲಿ ಬರೆಯಲು ಕೈ ಬರಲಿಲ್ಲ. ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ, ಸಾಕು. ನೀವು ಹೇಗೆ ಹೇಳುತ್ತೀರೋ ಹಾಗೆ ಮಾಡುತ್ತೇನೆ.

ಹಲ್ಲಿನವಳು


೨೪ ಮೇ ೧೯೮೭

ಹಲ್ಲಿನಮ್ಮನವರಿಗೆ,

ಮದುಮಗನ ಹಲ್ಲು ಬೀಳದಿರಲಿ!

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬೇಡ, ಅವಸರ ಬೇಡ. ಎಲ್ಲ ವಿದ್ಯಾರ್ಥಿಗಳೂ ಈ ಹಂತದಲ್ಲಿ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ನಾನು ಕೊಡುವ ಉತ್ತರವೂ ಇದೇ. ಪದ ಇನ್ನೂ ಮಾಗಬೇಕು. ಅರೆಬೆಂದ ಉಚ್ಚಾರಣೆಯಲ್ಲಿ ಹೋಗಿ ಆ ಹಿರಿಯರ ಮುಂದೆ ನಿಂತರೆ, ಅವರು "ಏನು? ಏನು?" ಎಂದು ಎರಡು ಸಲ ಕೇಳಿದರೆ, ನಿಮ್ಮ ಧೈರ್ಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾಳಿದವನು ಬಾಳಿಯಾನು. "ಬಾಳಿಯಾನು" ಎನ್ನುವುದೂ ನಿಮ್ಮ "ಬಂದೇವು" ಜಾತಿಯದೇ, ಗಮನಿಸಿದಿರಾ?

ಇನ್ನೊಂದಷ್ಟು ದಿನ ಕಾಯಿರಿ. "ದ್ರಿ"ಯಿಂದ "ಯೋಂ"ಗೆ ಜಾರುವಾಗ ನಾಲಗೆಯ ಅಂಚು ಎಲ್ಲಿ ತಾಗುತ್ತದೆ, ಅದರ ಚಿತ್ರ ಬೇಕು. ತಪ್ಪದೆ ಕಳಿಸಿ.

ನಿಮ್ಮ ಮೇಷ್ಟ್ರು


೩ ಜೂನ್ ೧೯೮೭

ಮೇಷ್ಟ್ರೇ,

ನೀವು ಹೇಳಿದ ಮೇಲೆ ಮುಗಿಯಿತು. ಕಾಯುತ್ತೇನೆ.

ನಾನು ಹೇಳಿದ ವಿಷಯದ ಬಗ್ಗೆ ನೀವು ಒಂದಕ್ಷರವನ್ನೂ ಬರೆಯಲಿಲ್ಲ. ಮೊದಲು ಸ್ವಲ್ಪ ಪೆಚ್ಚಾದೆ. ಆಮೇಲೆ ಅದೇ ಒಳ್ಳೆಯದು ಅನ್ನಿಸಿತು. ಅಯ್ಯೋ ಪಾಪ ಎಂದು ಬರೆದಿದ್ದರೆ ಇನ್ನೊಂದು ಕಾಗದ ಬರೆಯಲು ನನಗೆ ಮುಖ ಇರುತ್ತಿರಲಿಲ್ಲ. ಎಲ್ಲ ಕೇಳಿಯೂ ಕಾಯಿರಿ ಎಂದಿದ್ದೀರಿ, ಅಂದರೆ ಯೋಚಿಸಿಯೇ ಹೇಳಿರುತ್ತೀರಿ. ಆ ಧೈರ್ಯದ ಮೇಲೆ ನಿದ್ದೆ ಮಾಡುತ್ತಿದ್ದೇನೆ. ಅಮ್ಮ ಮಾತ್ರ, "ಹೂಂ, ನಿನ್ನ ಮೇಷ್ಟ್ರಿಗೇನು, ಹೇಳ್ತಾರೆ" ಎಂದು ಮುಖ ತಿರುಗಿಸಿದಳು.

ಚಿತ್ರ ಇಟ್ಟಿದ್ದೇನೆ.

ಹಲ್ಲಿನವಳು


೧೯ ಜುಲೈ ೧೯೮೭

ಹಲ್ಲಿನಮ್ಮನವರಿಗೆ,

ನಿಮ್ಮ ಹೊಸ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಲೆಕೆಳಗು ಮಾಡಿಯೂ ನೋಡಿದೆ. ತಪ್ಪು ಹಿಡಿಯಬೇಕೆಂದು ಹೊರಟರೂ ಸಿಗಲಿಲ್ಲ. "ಯೋಂ" ಹತ್ತಿರ ಪುಡಿ ಹೊಸ ಸುಣ್ಣದ ಗೋಡೆಯಂತೆ ಹಾಗೇ ಇದೆ. ಇನ್ನು ನಿಮ್ಮನ್ನು ತಡೆಯಲು ನನಗೆ ಕಾರಣವಿಲ್ಲ. ಹೋಗಿ, ಫೋನ್ ಮಾಡಿ, ಆ ಯಜಮಾನಿಯನ್ನು ಗೆದ್ದು ಬನ್ನಿ. ಕೆಲಸ ಸಿಕ್ಕಿದ ಮೇಲೆ ಈ ಮುದುಕನನ್ನು ಮರೆಯಬೇಡಿ. ಆಗಾಗ ಒಂದು ಸಾಲು ಬರೆದರೂ ಸಾಕು.

ನಿಮ್ಮ ಮೇಷ್ಟ್ರು


೨ ಆಗಸ್ಟ್ ೧೯೮೭

ಮೇಷ್ಟ್ರೇ,

ನಿನ್ನೆ ಫೋನ್ ಮಾಡಿದೆ. ಮುಂಜಾನೆಯೇ ಟೆಲಿಫೋನ್ ಕಚೇರಿಗೆ ಹೋಗಿ, ಕರೆ ಬುಕ್ ಮಾಡಿ, ಬೆಂಚಿನ ಮೇಲೆ ಕೂತೆ. ಅಮ್ಮ ಹಲ್ಲು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು ಜೊತೆಗೆ ಬಂದಿದ್ದಳು, ಫೋನಿನಲ್ಲಿ ಸೀರೆ ಕಾಣುತ್ತದೆ ಎಂಬಂತೆ.

ಆ ಕಡೆ ಅವರಿದ್ದ ವೃದ್ಧಾಶ್ರಮದ ನರ್ಸ್ ಎತ್ತಿದಳು. ನಾನು ಯಾರು, ಯಾರ ಹತ್ತಿರ ಮಾತಾಡಬೇಕು ಎಂದು ಹೇಳಿದೆ. ಒಂದೇ ಸಲಕ್ಕೆ ಅರ್ಥವಾಯಿತು ಅವಳಿಗೆ. "ಏನು?" ಎಂದು ಒಂದು ಸಲವೂ ಕೇಳಲಿಲ್ಲ. ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದಳು. ಅವರು ತೀರಿಹೋಗಿ ಮೂರು ವಾರವಾಯಿತಂತೆ. ನಾನು ನಿಮ್ಮ ಅಪ್ಪಣೆಗಾಗಿ ಪುಡಿ ಸವರಿಕೊಂಡು ಕೂತಿದ್ದಾಗ.

ಆಮೇಲೂ ಅವಳು ಏನೋ ಹೇಳುತ್ತಿದ್ದಳು. ನಾನು ಫೋನ್ ಇಟ್ಟುಬಿಟ್ಟೆ. ಅಮ್ಮ ನನ್ನ ಮುಖ ನೋಡಿದಳು. ಮನೆಗೆ ಬಂದು ಸೆಟ್ಟು ತೆಗೆದು ಲೋಟದಲ್ಲಿ ಹಾಕಿ ಮಲಗಿದಳು.

ಮೇಷ್ಟ್ರೇ, ಇಲ್ಲಿಯವರೆಗೂ ಯಜಮಾನಿ, ಕಾರ್ಖಾನೆ ಎಂದು ನೀವು ತಮಾಷೆ ಮಾಡಿದಾಗ, ನನ್ನ ಸಂಕೋಚ ಉಳಿಸಲು ಬೇಕೆಂದೇ ಹಾಗೆ ಬರೆಯುತ್ತಿದ್ದೀರಿ ಎಂದುಕೊಂಡಿದ್ದೆ. ನಿಮಗೆ ಎಲ್ಲ ಗೊತ್ತಿತ್ತು. ನನ್ನನ್ನು ಹೆತ್ತ ತಾಯಿಗೂ ಸರಿಯಾಗಿ ಹೇಳದ ಮಾತನ್ನು ನಿಮಗೆ ಹೇಳಿದ್ದೆ. ಕಾಯಲೋ ಬೇಡವೋ ಎಂದು ಬಾಯಿಬಿಟ್ಟು ಕೇಳಿದ್ದೆ. ಗೊತ್ತಿದ್ದೂ ಯಾಕೆ ಕಾಯಿಸಿದಿರಿ? ಒಂದು "ಇ"ಗಾಗಿಯೇ?

ಉತ್ತರ ಬೇಕು.


೨೨ ಆಗಸ್ಟ್ ೧೯೮೭

ಅಮ್ಮಾ,

ನಿಮ್ಮ ಕಾಗದ ಓದಿ ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಯಾಕೆ ಅರ್ಥವಾಗಲಿಲ್ಲ ಎಂಬುದನ್ನೇ ಈಗ ಬರೆಯಬೇಕು.

ನನಗೆ ಕಿವಿ ಕೇಳಿಸುವುದಿಲ್ಲ. ನಾಲ್ಕು ವರ್ಷದ ಹಿಂದೆ ಮಸುಕಾಗುತ್ತಾ ಬಂದು ಪೂರ್ತಿ ನಿಂತುಹೋಯಿತು. ಪಾಠ ನಡೆಸುವ ಸಂಸ್ಥೆಗೆ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅಂಚೆಯ ಕೆಲಸ ತಾನೇ, ಯಾರಿಗೆ ಗೊತ್ತಾಗುತ್ತದೆ ಎಂದು ಸುಮ್ಮನಿದ್ದೆ. ಕ್ಯಾಸೆಟ್ಟು ಬಂದರೆ ಮೇಜಿನ ಕೆಳಗಿನ ಡಬ್ಬಕ್ಕೆ ಹಾಕಿ, "ಇನ್ನೂ ಅಭ್ಯಾಸ ಮಾಡಿ" ಎಂದು ಬರೆಯುತ್ತಿದ್ದೆ. ಹಾಗೆಂದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ನಿಮ್ಮ ಪ್ರಶ್ನೆ ಏನೆಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ಕೇಳುವಂತೆ ಮುಂದಿನ ಪಾಠಕ್ಕೆ ಹೋಗಲೇ ಎಂದು ಕೇಳಿರುತ್ತೀರಿ ಎಂದು ಊಹಿಸಿ ಉತ್ತರ ಬರೆದೆ.

ನಿಮ್ಮ ಕಾಗದ ಬಂದ ಮೇಲೆ ಎಲ್ಲ ಕ್ಯಾಸೆಟ್ಟುಗಳನ್ನೂ ತೆಗೆದುಕೊಂಡು ಕೆಳಗಿನ ಗಡಿಯಾರದವರ ಹತ್ತಿರ ಹೋದೆ. ಕೇಳಿದ್ದನ್ನು ಬರೆದುಕೊಡಿ ಎಂದೆ. ಅವರು ಅಂಗಡಿಯ ಬಾಗಿಲು ಮುಂದೆ ಮಾಡಿ, ಕ್ಯಾಸೆಟ್ ಓಡಿಸಿ ಬರೆಯುತ್ತಾ ಹೋದರು. ಅರ್ಧಕ್ಕೆ ನಿಲ್ಲಿಸಿ, "ಮೇಷ್ಟ್ರೇ, ಈ ಯಮ್ಮ ಅಳ್ತಾ ಇದಾರೆ, ಬರೀಲಾ ಬೇಡ್ವಾ?" ಎಂದು ಚೀಟಿಯಲ್ಲಿ ಕೇಳಿದರು. ಬರೆಯಿರಿ ಎಂದೆ. ಅವರು ಬರೆದುಕೊಟ್ಟದ್ದು ಹೀಗಿದೆ. ನಿಮ್ಮ ಮಾತನ್ನು ನಿಮಗೇ ತಿರುಗಿ ಬರೆಯುತ್ತಿದ್ದೇನೆ, ನಾನು ಕೊನೆಗೂ ಕೇಳಿದೆ ಎಂಬುದಕ್ಕೆ.

"ಮೇಷ್ಟ್ರೇ, ಇದನ್ನ ಕಾಗದದಲ್ಲಿ ಬರೆಯೋಕಾಗ್ಲಿಲ್ಲ. ಅವರು ಯಾವ ಕಾರ್ಖಾನೆಯವರೂ ಅಲ್ಲ. ನನ್ನ ತಂಗಿಯ ಅತ್ತೆ. ತಂಗಿ ತಾನೇ ಇಷ್ಟಪಟ್ಟು ಆ ಕಡೆಯವನನ್ನ ಮದುವೆ ಆದ್ಲು. ಅಪ್ಪ ಅವಳ ಕಾಗದ ಒಂದನ್ನೂ ಒಡೀಲಿಲ್ಲ, ಹಾಗೇ ವಾಪಸ್ ಕಳಿಸ್ತಿದ್ರು. ನಾನು ಪಕ್ಕದಲ್ಲೇ ನಿಂತು ನೋಡ್ತಿದ್ದೆ. ಒಂದು ಮಾತು ಆಡ್ಲಿಲ್ಲ. ಅವಳ ಗಂಡ ಮೊದಲೇ ಹೋದ, ಆಮೇಲೆ ಅವಳಿಗೂ ಕಾಯಿಲೆ ಬಂತು. ಅತ್ತೆ ಸೊಸೆ ಇಬ್ರೇ. ಆ ಅತ್ತೇನೇ ನೋಡ್ಕೊಂಡಿದ್ದು, ಕೊನೇವರೆಗೂ. ಅಪ್ಪ ಹೋದ್ಮೇಲೆ ಅಲ್ಲಿಂದ ಬಂದವರು ಒಬ್ರು ಸಿಕ್ಕಿ ಹೇಳಿದ್ರು, ನಿಮ್ಮ ತಂಗಿ ಸಾಯೋ ಮುಂಚೆ ಅಕ್ಕನಿಗೆ ಅಂತ ಒಂದು ಮಾತು ಬಿಟ್ಟು ಹೋಗಿದಾಳೆ, ಅವಳ ಅತ್ತೆ ಅದನ್ನ ಇಟ್ಕೊಂಡಿದಾರೆ, ಅಕ್ಕನಿಗೇ ಹೇಳ್ಬೇಕು ಅಂತ ಕೂತಿದಾರೆ ಅಂತ. ಅವರಿಗೆ ಕಣ್ಣು ಹೋಗಿದೆ, ವಯಸ್ಸಾಗಿದೆ. ಅಷ್ಟು ವರ್ಷ ಹೋಗದೇ ಇದ್ದವಳು ಈಗ ಬರ್ತೀನಿ ಅಂತ ಹುಕುಂ ಮಾಡೋ ಹಾಗೆ ಹೇಳ್ಬಾರ್ದು. ಅದಕ್ಕೇ ಇಷ್ಟು ಒದ್ದಾಡ್ತಿದೀನಿ. ಮೇಷ್ಟ್ರೇ, ಹೀಗೇ, ಬಂದಷ್ಟರಲ್ಲೇ ಫೋನ್ ಮಾಡಿಬಿಡ್ಲಾ? ಇಲ್ಲಾ ಇನ್ನೂ ಕಾಯ್ಲಾ? ನೀವು ಹೇಳಿ."

ಇದಕ್ಕೆ ನಾನು "ತಾಳಿದವನು ಬಾಳಿಯಾನು" ಎಂದು ಬರೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಿರಿ ಅಮ್ಮಾ. ಕೋಣ ಗಾದೆಯನ್ನೂ ಹೇಳಿತು.

ಇನ್ನೂ ಇದೆ. ಗಡಿಯಾರದವರಿಗೆ ಫ್ರೆಂಚಿನ ಗಂಧಗಾಳಿ ಇಲ್ಲ. ಅದೇ ಕ್ಯಾಸೆಟ್ಟಿನ ಆರಂಭದಲ್ಲಿ ನೀವು ಹೇಳಿದ ವಾಕ್ಯವನ್ನು ಕೇಳಿಸಿಕೊಂಡು, ಕೇಳಿದ ಹಾಗೇ ಹೇಳಿ ಎಂದೆ. ಅವರ ತುಟಿ ನೋಡುತ್ತಾ ಕೂತೆ. "ವ್ಯಾಂ" ಎಂದಾಗ ಬಾಯಿ ಮುಚ್ಚಲಿಲ್ಲ, ನಡುವಿನ "ಇ" ತುಟಿಯ ಮೇಲೆ ಸ್ಪಷ್ಟವಾಗಿ ಬಂತು, "ಯೋಂ" ಎಂದು ತುಟಿ ದುಂಡಗಾಗಿ ಹಾಗೇ ನಿಂತಿತು. ಒಂದಕ್ಷರ ಬಾರದ ಮನುಷ್ಯ ನಿಮ್ಮನ್ನು ಅನುಕರಿಸಿಯೇ ಸರಿಯಾಗಿ ಹೇಳಿದ. ಮೇ ತಿಂಗಳಲ್ಲೇ ನಿಮ್ಮ ಮಾತು ಮಾಗಿತ್ತು. ಮೆಟ್ಟಿಲಿಳಿದು ಇವರನ್ನು ಕೇಳಿದ್ದರೆ ಸಾಕಿತ್ತು. ಕಿವುಡ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಇಳಿಯಲಿಲ್ಲ.

ಕಡೆಯದು, ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಚಿತ್ರಗಳು ಬಂದಾಗ, ಎಷ್ಟೋ ವರ್ಷದ ನಂತರ ಒಬ್ಬರ ಮಾತನ್ನು ಕೇಳಿದಂತಾಗಿತ್ತು ನನಗೆ. ಸರಿಯಾಗಿದೆ ಎಂದುಬಿಟ್ಟರೆ ನಿಮ್ಮ ಕಾಗದ ನಿಲ್ಲುತ್ತದೆ ಎಂದು ಹೆದರಿದೆ. ಅದಕ್ಕಾಗಿಯೇ ಜೂನ್ ಪೂರ್ತಿ ತಡೆದೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಸಂಸ್ಥೆಗೆ ವಿಷಯ ಬರೆದು ಕೆಲಸ ಬಿಟ್ಟಿದ್ದೇನೆ. ಅದರಿಂದ ನಿಮಗೇನೂ ತಿರುಗಿ ಬರುವುದಿಲ್ಲ, ಗೊತ್ತು.


೪ ಅಕ್ಟೋಬರ್ ೧೯೮೭

ಅಮ್ಮಾ,

ನಿಮ್ಮಿಂದ ಉತ್ತರವಿಲ್ಲ. ಬರಬೇಕಾಗಿಯೂ ಇಲ್ಲ. ಆ ನರ್ಸ್ ಇನ್ನೂ ಏನೋ ಹೇಳುತ್ತಿದ್ದಳು ಎಂದು ಬರೆದಿದ್ದಿರಿ. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಸಾಧ್ಯವಾದರೆ ಮತ್ತೊಮ್ಮೆ ಫೋನ್ ಮಾಡಿ. ನಿಮ್ಮ ಉಚ್ಚಾರಣೆ ಚೆನ್ನಾಗಿದೆ. ಈ ಸಲ ಇದು ಸುಳ್ಳಲ್ಲ.


೧೧ ನವೆಂಬರ್ ೧೯೮೭

ಮೇಷ್ಟ್ರೇ,

ನಿಮ್ಮ ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಿ ಹರಿಯಲು ಹೋದೆ. ಅದರಲ್ಲಿ ನನ್ನದೇ ಮಾತು ಇತ್ತು, ಹರಿಯಲಿಲ್ಲ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ರಾತ್ರಿ ಹಗಲು ಬೈದೂ ಬೈದೂ ಸುಸ್ತಾದ ಮೇಲೆ ಒಂದು ಯೋಚನೆ ಬಂತು. ಯಾರನ್ನೂ ಕೇಳದೆ ಫೋನ್ ಮಾಡಬಹುದಿತ್ತಲ್ಲ ನಾನು? ಹೆದರಿಕೆಯಾಗಿತ್ತು. ಕಾಯಿರಿ ಎಂದು ಯಾರಾದರೂ ಹೇಳಲಿ ಎಂದೇ ಕೇಳಿದ್ದೆನೋ ಏನೋ. ಅಪ್ಪನ ಪಕ್ಕದಲ್ಲಿ ನಿಂತು ನೋಡಿದವಳೇ ತಾನೇ ನಾನು.

ಕಳೆದ ವಾರ ಮತ್ತೆ ಫೋನ್ ಮಾಡಿದೆ. ಅದೇ ನರ್ಸ್ ಸಿಕ್ಕಳು. "ಅವತ್ತು ನೀವು ಇಟ್ಟುಬಿಟ್ಟಿರಿ, ನಾನು ಹೇಳುತ್ತಲೇ ಇದ್ದೆ" ಎಂದಳು. ಅವಳ ಫ್ರೆಂಚನ್ನು ನನಗೆ ತಿಳಿದಷ್ಟು ಕನ್ನಡದಲ್ಲಿ ಬರೆಯುತ್ತೇನೆ.

ತಂಗಿ ಬಿಟ್ಟುಹೋದ ಮಾತು ಫ್ರೆಂಚಿನಲ್ಲಿ ಇರಲೇ ಇಲ್ಲವಂತೆ. ಹಾಸಿಗೆ ಹಿಡಿದಾಗ ತನ್ನ ಅತ್ತೆಗೆ ಒಂದು ವಾಕ್ಯವನ್ನು ನಮ್ಮ ಭಾಷೆಯಲ್ಲೇ ಕಲಿಸಿದ್ದಳಂತೆ. ಅಂಗೈ ಮೇಲೆ ಬೆರಳು ತಟ್ಟುತ್ತಾ, ಒಂದೊಂದೇ ತುಂಡಾಗಿ, ಮಗುವಿಗೆ ಕಲಿಸಿದ ಹಾಗೆ. ಮುದುಕಿಗೆ ಅರ್ಥ ಗೊತ್ತಿರಲಿಲ್ಲ. ಮರೆತುಹೋಗಬಾರದು ಎಂದು ದಿನಾ ಸಂಜೆ ಅದನ್ನು ಹೇಳಿಕೊಳ್ಳುತ್ತಿದ್ದರಂತೆ. ಮೊದಮೊದಲು ಪ್ರಾರ್ಥನೆ ಎಂದುಕೊಂಡಿದ್ದಳಂತೆ ನರ್ಸ್. "ಅಕ್ಕ ಫೋನ್ ಮಾಡಿದರೆ ಸಾಕು, ಅವಳು ಏನೂ ಹೇಳಬೇಕಾಗಿಲ್ಲ, ನಾನು ಹೇಳಿ ಇಟ್ಟುಬಿಡುತ್ತೇನೆ" ಎನ್ನುತ್ತಿದ್ದರಂತೆ ಅವರು. ನಾನು ಇಲ್ಲಿ ಕನ್ನಡಿ ಹಿಡಿದು ಕೂತಿದ್ದಾಗ ಅಲ್ಲಿ ಅವರು ಅದನ್ನೇ ಮಾಡುತ್ತಿದ್ದರು ಮೇಷ್ಟ್ರೇ. ನನಗೆ ಒಂದಕ್ಷರ ಫ್ರೆಂಚೂ ಬೇಕಿರಲಿಲ್ಲ.

ಆ ವಾಕ್ಯ ಏನು ಎಂದು ಕೇಳಿದೆ. ನರ್ಸಿಗೆ ಮೊದಲ ಪದ ಮಾತ್ರ ನೆನಪಿತ್ತು. "ಅಕ್ಕ" ಎಂದಳು. ಫೋನಿನಲ್ಲಿ ಆ ಊರಿಂದ ನನ್ನನ್ನು ಯಾರೋ ಅಕ್ಕ ಎಂದರು. ಉಳಿದದ್ದು ಪದವಾಗಿ ನೆನಪಿಲ್ಲ, ಧಾಟಿ ನೆನಪಿದೆ ಎಂದಳು. ಗುನುಗಿ ತೋರಿಸಿದಳು. ಎರಡು ಸಲ, ಮೂರು ಸಲ. ಬಾಯಿ ಮುಚ್ಚಿಕೊಂಡು, ಏರಿ, ಸ್ವಲ್ಪ ನಿಂತು, ಇಳಿದು.

ಅಂದಿನಿಂದ ಅದಕ್ಕೆ ಮಾತು ಹೊಂದಿಸುತ್ತಿದ್ದೇನೆ. "ಅಕ್ಕ, ನಿನ್ ಮೇಲೆ ಕೋಪ ಇಲ್ಲ" ಎಂದರೆ ಸರಿಯಾಗಿ ಕೂರುತ್ತದೆ. "ಅಕ್ಕ, ಯಾಕೆ ನೀನು ಬರ್ಲಿಲ್ಲ" ಎಂದರೂ ಅಷ್ಟೇ ಸರಿಯಾಗಿ ಕೂರುತ್ತದೆ. ಕೆಲಸದಲ್ಲಿ ಹೀಗೆ ಎರಡು ಸೆಟ್ಟು ಒಂದೇ ಬಾಯಿಗೆ ಕೂತದ್ದನ್ನು ನಾನು ಕಂಡಿಲ್ಲ.

ಅಮ್ಮನಿಗೆ ಗುನುಗಿ ತೋರಿಸಿದೆ. "ಕೋಪ ಇಲ್ಲ ಅಂತಾನೇ ಹೇಳಿರ್ತಾಳೆ ಬಿಡು, ಅವಳು ಅಂಥವಳಲ್ಲ" ಎಂದಳು, ನಾನು ಮುಗಿಸುವ ಮುಂಚೆಯೇ. ಡಾಕ್ಟರೂ ಅದನ್ನೇ ಹೇಳಿದರು. ಕೇಳಿದವರೆಲ್ಲ ಒಳ್ಳೆಯದನ್ನೇ ಆರಿಸಿ ನನ್ನ ಕೈಗಿಡುತ್ತಾರೆ. ಆ ಧಾಟಿಯನ್ನು ಕೇಳಿ ಆರಿಸಲು ಸಾಧ್ಯವಿಲ್ಲದವರು ನನಗೆ ಗೊತ್ತಿರುವ ಹಾಗೆ ನೀವೊಬ್ಬರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಬೇಕಾದರೆ ಉತ್ತರ ಬರೆಯಿರಿ. ಸಮಾಧಾನ ಮಾತ್ರ ಹೇಳಬೇಡಿ.